ಸಹಾಯ ಬೇಕು: ಸೋಮನಾಥಪುರದಲ್ಲಿ ಕುಳಿತು ಚಿತ್ರ ಬರೆಯುವವರ ಜೊತೆ ಮೊದಲ ಸಲ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋಗಿ ಸ್ಥಳದಲ್ಲೇ ರೇಖಾಚಿತ್ರ ಬರೆಯುವ ತಂಡದೊಂದಿಗೆ ನಾನೂ ಹೊರಟಿದ್ದೇನೆ. ಮನೆಯಲ್ಲಿ ಫೋಟೋ ನೋಡಿಕೊಂಡು ಬರೆದು ಅಭ್ಯಾಸವಿದೆ. ಜನರ ನಡುವೆ, ಬಿಸಿಲಿನಲ್ಲಿ ಕುಳಿತು ಎಂದೂ ಬರೆದವಳಲ್ಲ.

ಕಳೆದ ತಿಂಗಳು ಒಬ್ಬಳೇ ಹೋಗಿ ನೋಡಿ ಬಂದೆ. ಹೊರಗೋಡೆ ನೇರವಾಗಿಲ್ಲ, ನಕ್ಷತ್ರದಂತೆ ಕೋನ ಕೋನವಾಗಿ ತಿರುಗುತ್ತದೆ. ಎರಡು ಹೆಜ್ಜೆ ಸರಿದರೆ ನೆರಳೇ ಬದಲಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು. ಒಂದು ಆನೆಯ ಸೊಂಡಿಲು ಬರೆಯುವುದರಲ್ಲೇ ಅರ್ಧ ಗಂಟೆ ಕಳೆಯಿತು, ಗೋಪುರದವರೆಗೆ ಕಣ್ಣೆತ್ತಲೂ ಆಗಲಿಲ್ಲ. ವಿಗ್ರಹಗಳ ಕೆಳಗೆ ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಅದನ್ನು ಕಂಡಾಗ ಮೈ ಜುಮ್ಮೆಂದಿತು. ಆ ಕೈಗಳಿಗೆ ಗೌರವ ಸಲ್ಲುವಂತೆ ಬರೆಯಬೇಕು ಎಂಬ ಆಸೆ.

ಅನುಭವಿಗಳು ದಯವಿಟ್ಟು ತಿಳಿಸಿ: ಮೂರು ಗರ್ಭಗುಡಿಗಳ ಇಡೀ ಆಕಾರವನ್ನು ಮೊದಲು ಹಿಡಿಯಬೇಕೇ, ಅಥವಾ ಒಂದೇ ಮೂಲೆಯನ್ನು ಆರಿಸಿಕೊಳ್ಳಬೇಕೇ? ಬಳಪದ ಕಲ್ಲಿನ ಆ ಹಸಿರು ಛಾಯೆಯ ಬೂದು ಬಣ್ಣಕ್ಕೆ ಜಲವರ್ಣದಲ್ಲಿ ಏನು ಬೆರೆಸುತ್ತೀರಿ? ಸುತ್ತಲಿನ ಕೈಸಾಲೆಯ ನೆರಳಿನಲ್ಲಿ ಮಡಚುವ ಸ್ಟೂಲ್ ಹಾಕಿಕೊಳ್ಳಲು ಬಿಡುತ್ತಾರೆಯೇ?

ಇನ್ನೊಂದು ಕೋರಿಕೆ. ಮೈಸೂರಿನಿಂದ ಬನ್ನೂರು ಮಾರ್ಗವಾಗಿ ಕಾರಿನಲ್ಲಿ ಹೋಗುವವರಿದ್ದರೆ ನನಗೊಂದು ಜಾಗ ಕೊಡಿ, ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತೇನೆ. ಬೆಳಗಿನ ಓರೆ ಬಿಸಿಲು ಗೋಡೆಯ ಮೇಲೆ ಇರುವಾಗಲೇ ಅಲ್ಲಿರಬೇಕು.