ಸಹಾಯ ಬೇಕು: ದಿನಾ ಬೈಕ್ ಓಡಿಸ್ತೇನೆ, ಸೊಂಟದ ನೋವು ಕಾಲಿಗಿಳಿದಿದೆ

ಎಲ್ಲರಿಗೂ ನಮಸ್ಕಾರ. ನಾನು ಸಿರುಗುಪ್ಪದವನು, ವಯಸ್ಸು 41. ಕೆಲಸ ಬಳ್ಳಾರಿಯಲ್ಲಿ. ಹೋಗಲು 50 ಕಿ.ಮೀ. ಮೇಲೆ, ಬರಲೂ ಅಷ್ಟೇ. ಆರು ವರ್ಷದಿಂದ ಬೈಕೇ ಗತಿ.

ಎರಡು ತಿಂಗಳಿಂದ ಸೊಂಟದ ಬಲಗಡೆ ನೋವು. ಪಿರ್ರೆಯಿಂದ ಮೀನಖಂಡದವರೆಗೆ ಕರೆಂಟ್ ಹೊಡೆದಂತೆ ಎಳೆಯುತ್ತದೆ, ಕಾಲಿನ ಕಿರುಬೆರಳು ಜುಮ್ ಅನ್ನುತ್ತದೆ. ಸೀನಿದರಂತೂ ಜೀವ ಹೋದಂತಾಗುತ್ತದೆ. ಎಂಆರ್‌ಐ ಮಾಡಿಸಿದೆ. ಬೆನ್ನುಮೂಳೆಯ ಕೆಳಗಡೆ ಎಲ್5-ಎಸ್1 ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ಕಾಲಿಗಿಳಿಯುವ ನರ ಒತ್ತುತ್ತಿದೆಯಂತೆ, ಈ ನೋವಿಗೆ ಸಯಾಟಿಕಾ ಅಂತಾರೆ. ಆಪರೇಷನ್ ಈಗ ಬೇಡ, ಫಿಸಿಯೋಥೆರಪಿ ಮಾಡಿ, ಸುಮ್ನೆ ಮಲಗಿಬಿಡಬೇಡಿ ಅಂದರು ಡಾಕ್ಟರ್. ತೊಡೆಸಂದು ಮರಗಟ್ಟಿದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ. ಸದ್ಯ ಹಾಗೇನಿಲ್ಲ.

ಹಿಂದಿನ ಜೇಬಿನ ಪರ್ಸ್ ತೆಗೆದೆ (ದಪ್ಪ ಇತ್ತು, ದುಡ್ಡಿನಿಂದಲ್ಲ, ಚೀಟಿಗಳಿಂದ). ಬೆನ್ನಿಗೆ ಹಾಕುತ್ತಿದ್ದ ಬ್ಯಾಗ್ ಈಗ ಸೀಟಿಗೆ ಕಟ್ಟುತ್ತೇನೆ. ಭತ್ತದ ಚೀಲ ಹೇರಲು ಅಂತ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಬಿಗಿ ಮಾಡಿಸಿದ್ದೆ, ಅದನ್ನು ಸಡಿಲಿಸಿದೆ. ಗುಂಡಿಯ ಏಟು ನಿಜಕ್ಕೂ ಕಡಿಮೆಯಾಯಿತು! ಇದನ್ನು ಯಾರೂ ಹೇಳಿರಲಿಲ್ಲ. 20 ನಿಮಿಷಕ್ಕೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುತ್ತೇನೆ.

ಹ್ಯಾಂಡಲ್ ಎತ್ತರ ಮಾಡಿಸಿದರೆ ಬಾಗುವುದು ಕಡಿಮೆಯಾಗುತ್ತಾ? ಬಳ್ಳಾರಿಯಲ್ಲಿ ಸೀಟಿಗೆ ಒಳ್ಳೆ ಫೋಮ್ ಹಾಕುವವರು ಎಲ್ಲಿದ್ದಾರೆ? ಸೊಂಟದ ಬೆಲ್ಟ್ ಗಾಡಿ ಮೇಲೆ ಮಾತ್ರ ಕಟ್ಟಿದವರು ಇದ್ದೀರಾ?

ಬಸ್ಸಿಗೆ ಹೋಗಪ್ಪಾ ಅನ್ನಬೇಡಿ, ಶಿಫ್ಟ್ ಮುಗಿಯುವುದೇ ರಾತ್ರಿ 11ಕ್ಕೆ. ಎಣ್ಣೆ ತಿಕ್ಕಿ ನರ ಕೂಡಿಸುವವರ ವಿಳಾಸವೂ ಬೇಡ, ಆಗಲೇ ಹನ್ನೆರಡು ಬಂದಿವೆ. ಇದೇ ನೋವಿದ್ದು ಬೈಕ್ ಓಡಿಸುತ್ತಿರುವವರು ದಯವಿಟ್ಟು ಹೇಳಿ.