ಸಹಾಯ ಬೇಕು: ಯುವಿ ಸೆನ್ಸರ್‌ನಲ್ಲಿ ನೈಟ್ರೈಟ್ ಬೇರೆಯಾಗಿ ಸಿಗ್ತಿಲ್ಲ

ನಮಸ್ಕಾರ. ನಮ್ಮ ಕುಡಿಯೋ ನೀರಿನ ಜಾಲದಲ್ಲಿ ಬಳಸೋದು ಕ್ಲೋರಮಿನ್, ಅಂದ್ರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಮಾಡೋ ಕ್ರಿಮಿನಾಶಕ. ನೀರು ಬೆಚ್ಚಗಾದಾಗ, ಕೊನೇ ಟ್ಯಾಂಕಲ್ಲಿ ಜಾಸ್ತಿ ಹೊತ್ತು ನಿಂತಾಗ, ಬ್ಯಾಕ್ಟೀರಿಯಾ ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ. ಆ ನೈಟ್ರೈಟ್ ಉಳಿದ ಕ್ಲೋರಮಿನ್ನನ್ನೂ ತಿಂದುಹಾಕುತ್ತೆ, ಬ್ಯಾಕ್ಟೀರಿಯಾ ಇನ್ನೂ ಹೆಚ್ಚುತ್ತೆ. ಲ್ಯಾಬ್ ವರದಿ ಕೈಗೆ ಬರೋ ಹೊತ್ತಿಗೆ ಆ ನೀರು ಮನೆಮನೆಗೆ ಹೋಗಿರುತ್ತೆ. ನನಗೆ ಚಿಂತೆ ಅದೇ.

ಅದಕ್ಕೇ ಟ್ಯಾಂಕಿನ ಹೊರಹರಿವಿಗೆ ಯುವಿ ಸ್ಪೆಕ್ಟ್ರಮ್ ಸೆನ್ಸರ್ (ಯಾವ ತರಂಗಾಂತರದ ಯುವಿ ಬೆಳಕನ್ನ ನೀರು ಎಷ್ಟು ಹೀರುತ್ತೆ ಅಂತ ಅಳೆಯೋದು) ಕೂರಿಸಿದ್ದೀವಿ. ತೊಡಕು ಏನಂದ್ರೆ, ನೈಟ್ರೈಟ್, ನೈಟ್ರೇಟ್ ಎರಡೂ 200ರಿಂದ 220 ನ್ಯಾನೋಮೀಟರ್ ಸುತ್ತಲೇ ಬೆಳಕು ಹೀರುತ್ವೆ. ಮೊನೊಕ್ಲೋರಮಿನ್ (ಕ್ಲೋರಮಿನ್ನಿನ ಮುಖ್ಯ ರೂಪ) 245ರ ಹತ್ತಿರ. ಸಾವಯವ ವಸ್ತುಗಳದ್ದು ಇವೆಲ್ಲದರ ಮೇಲೂ ಹರಡಿಕೊಂಡಿರುತ್ತೆ. ನಮಗೆ ಬೇಕಿರೋದು ಲೀಟರಿಗೆ 0.05 ಮಿಲಿಗ್ರಾಂ ನೈಟ್ರೈಟ್-ನೈಟ್ರೋಜನ್‌ಗೇ ಎಚ್ಚರಿಕೆ. ಸಾವಯವ ವಸ್ತುಗಳ ಪಾಲು ತೆಗೆಯೋಕೆ 254 ನ್ಯಾನೋಮೀಟರ್‌ನ ರೀಡಿಂಗ್ ಕಳೆದು ನೋಡಿದ್ವಿ, ಸೆನ್ಸರ್ ಗಾಜು ಒರೆಸಿದ್ವಿ, ಲ್ಯಾಬ್ ಸ್ಯಾಂಪಲ್ ಜೊತೆ ಕ್ಯಾಲಿಬ್ರೇಟ್ ಮಾಡಿದ್ವಿ. ಆದ್ರೂ ಗ್ರಾಫ್ ಏರಿದಾಗ ಅದು ನೈಟ್ರೈಟೋ, ಮೂಲದ ನೀರೇ ಬದಲಾಗಿದ್ದೋ ಹೇಳಕ್ಕಾಗ್ತಿಲ್ಲ.

ಇನ್ನೊಂದು ಸೆನ್ಸರ್ ಒಳಹರಿವಿಗೂ ಹಾಕಿ, ಎರಡರ ವ್ಯತ್ಯಾಸದಲ್ಲಿ 245ರ ಇಳಿಕೆಯನ್ನೇ (ಅಂದ್ರೆ ಕ್ಲೋರಮಿನ್ ಕಮ್ಮಿಯಾಗೋದನ್ನೇ) ನೈಟ್ರೈಟ್‌ನ ಮೊದಲ ಸೂಚನೆ ಅಂತ ನಂಬಬಹುದಾ? ಇಲ್ಲಾ ನೈಟ್ರೈಟ್‌ಗೆ ಬಣ್ಣ ಬರಿಸಿ ಅಳೆಯೋ ಆನ್‌ಲೈನ್ ಅನಲೈಸರ್ ಬೇಕೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.