ಕಾಲು ಕಳ್ಕೊಂಡ ತಮ್ಮ ಇಡೀ ದಿನ ಯುದ್ಧದ ನ್ಯೂಸ್ ನೋಡ್ಕೋತ ಕುಂದರ್ತಾನ, ಬಂದ್ ಮಾಡಸ್ಲೇನು?

ಪಿಂಪ್ರಿ_ಅಕ್ಕ:
ನಮಸ್ಕಾರ್ರಿ. ನಾವು ಬೈಲಹೊಂಗಲ ಕಡೆಯವ್ರು, ಪಿಂಪ್ರಿಯೊಳಗ ಅದೀವಿ. ಸೈನ್ಯದಾಗಿರೋ ನನ್ನ ತಮ್ಮ ಎಲ್‌ಒಸಿ (ಗಡಿ ನಿಯಂತ್ರಣ ರೇಖೆ) ಮ್ಯಾಲ ಪೆಟ್ರೋಲಿಂಗ್ ಹೋದಾಗ ಮೈನ್ ಸಿಡದು ಎಡಗಾಲು ಮೊಣಕಾಲ ಕೆಳಗ ಹೋತು, ಈಗ ಕೃತಕ ಕಾಲು ಹಾಕ್ಸಾಕ ಪುಣೆಕ ಕಳ್ಸ್ಯಾರ. ಎರಡ್ ದಿನಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಹೋಗ್ತೀನಿ. ಗಾಯ ಮಾಯಾಕತ್ತೈತಿ ಆದ್ರ ಮನಸ್ಸು ಪೂರಾ ಕುಂದೈತಿ, ಮೊಬೈಲ್‌ನ್ಯಾಗ ಬರೇ ಯುದ್ಧದ ಚರ್ಚಾ ನೋಡ್ತಾನ. ಬ್ಲಾಸ್ಟ್ ಆದ ದಿನ ಒಂದ್ ಚಾನೆಲ್‌ನವ್ರು ಇವ್ನ ಹೆಸರು ಹಾಕಿ ಹುತಾತ್ಮ ಅಂದ್ಬಿಟ್ರು, ಊರಾಗ ಅವ್ವ ಒಬ್ಬಾಕಿನ ಇದ್ಳು, ಮಂದಿ ಬಂದು ಕಟ್ಟಿ ಮ್ಯಾಲ ಕುಂತಿದ್ರಂತ. ಮರುದಿನ ಕೆಳಗ ಪಟ್ಟಿಯೊಳಗ "ಒಬ್ಬ ಯೋಧನಿಗೆ ಗಾಯ", ಆಮ್ಯಾಲ ಅದೂ ಇಲ್ಲ. ಮೊನ್ನೆ ಅಂದ, "ಅಕ್ಕಾ, ಸತ್ತಿದ್ರ ಫೋಟೋನಾರ ಹಾಕ್ತಿದ್ರು." ಏನ್ ಹೇಳ್ಬೇಕ್ರಿ ಇದಕ್ಕ? ಮೊಬೈಲ್ ಕಸ್ಕೊಳ್ಲೇನು?

ಖಡಕಿ_ಹವಾಲ್ದಾರ್:
ಕಸ್ಕೋಬ್ಯಾಡ ತಂಗೆವ್ವ. ನಾ 1999ರ ಕಾರ್ಗಿಲ್ ಯುದ್ಧದಾಗ ದ್ರಾಸ್‌ನ್ಯಾಗ ಸ್ಪ್ಲಿಂಟರ್ (ಸಿಡಿದ ಗುಂಡಿನ ಚೂರು) ತಿಂದಾಂವ, ರಿಟೈರ್ ಆಗಿ ಇಲ್ಲೇ ಅದೀನಿ. ಕಾರ್ಗಿಲ್‌ನ್ಯಾಗ ಹೋದವ್ರು 527 ಅಂತ ಪ್ರತಿ ಜುಲೈ 26ಕ್ಕ ಹೇಳ್ತಾರ, ಗಾಯಾದವ್ರು 1,363 ಅಂತ ಎಷ್ಟ್ ಮಂದಿಗೆ ಗೊತ್ತೈತಿ? ಅವ್ನ ಸಿಟ್ಟು ಖರೇನ ಐತಿ. ಆದ್ರ ಅವ ನ್ಯೂಸ್ ನೋಡೂದು ನ್ಯೂಸ್ ಸಲುವಾಗಿ ಅಲ್ಲ, ತನ್ನ ಯುನಿಟ್ ಏನ್ ಮಾಡಾಕತ್ತೈತಿ ಅಂತ ಹುಡುಕ್ತಾನ. ಯುನಿಟ್‌ನವ್ರ ಕಡೆಯಿಂದ ವಾರಕ್ಕೊಮ್ಮೆ ಫೋನ್ ಮಾಡ್ಸು. ಮೆಡಿಕಲ್ ಬೋರ್ಡ್ ಏನ್ ಬರೀತೈತೋ, ನೌಕರಿ ಉಳೀತೈತೋ ಇಲ್ಲೋ ಅನ್ನೂದು ಎಲ್ಲಾರ ತಲ್ಯಾಗೂ ಇರ್ತೈತಿ, ಬಾಯಿ ಬಿಟ್ಟು ಯಾರೂ ಹೇಳಂಗಿಲ್ಲ. ನಮ್ಮ ಸೈನ್ಯದ ಆಫೀಸರ್ ಇಯಾನ್ ಕಾರ್ಡೋಝೊ ಸಾಹೇಬ್ರು 1971ರ ಯುದ್ಧದಾಗ ಮೈನ್ ಮ್ಯಾಲ ಕಾಲಿಟ್ಟು, ಚೂರುಚೂರಾದ ಕಾಲು ತಾವ ಖುಕ್ರಿಯಿಂದ ಕತ್ತರ್ಸಿದವ್ರು, ಕೃತಕ ಕಾಲಿನ ಮ್ಯಾಲ ಮುಂದ ಬಟಾಲಿಯನ್ ಕಮಾಂಡ್ ಮಾಡಿದ್ರು. ಸರ್ವಿಸ್ ಬಿಡೂದಾದ್ರೂ ಖಡಕಿಯೊಳಗ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಐತಿ, ಗಾಯಾದ ಸಿಪಾಯಿಗಳಿಗೆ ಕೆಲಸ ಕಲ್ಸಾಕಂತಾನ 1917ರಾಗ ಶುರುವಾಗಿದ್ದು.

ವಾಸ್ಕೋ_ವೀರ:
ಇಂಥ ನೆಗೆಟಿವ್ ಪೋಸ್ಟ್ ಹಾಕಿ ಸೈನಿಕರ ಮೊರೇಲ್ ಇಳಿಸಬೇಡಿ ಮೇಡಂ. ಚಾನೆಲ್‌ನವರು ಜೋಶ್ ಕೊಡ್ತಾರೆ, ಅದರಲ್ಲಿ ತಪ್ಪೇನಿದೆ.

ಖಡಕಿ_ಹವಾಲ್ದಾರ್:
ಜೋಶ್ ಯಾರಿಗೆ ತಮ್ಮ? ಗಾಯಾದವ್ರ ವಾರ್ಡ್‌ನ್ಯಾಗ ಒಂದ್ ರಾತ್ರಿ ಮಲಗಿ ನೋಡು. ಸ್ಟುಡಿಯೋದಾಗ ಸೈರನ್ ಹಾಕಿದ್ರ ಪಕ್ಕದ ಬೆಡ್ಡಿನಂವ ಬೆವತು ಎದ್ದು ಕುಂದರ್ತಾನ.

ಮಾಟುಂಗಾ_ಭಟ್ಟ:
ಪಾಕಿಸ್ತಾನದ ಜೊತೆ ಸಂಘರ್ಷ ನಡೀತಿದ್ದಾಗ ಆ ಸೈರನ್ ನಿಲ್ಸಿ ಅಂತ ಸಿವಿಲ್ ಡಿಫೆನ್ಸ್‌ನವರೇ 2025ರ ಮೇ 10ಕ್ಕೆ ಚಾನೆಲ್‌ಗಳಿಗೆ ಹೇಳಬೇಕಾಯ್ತು ಮಾರಾಯ್ರೆ, ಜನ ನಿಜವಾದ ಸೈರನ್ ಬಂದ್ರೂ ನಂಬದ ಹಾಗೆ ಆಗ್ತದೆ ಅಂತ. ಅದಕ್ಕೆ ಒಂದೆರಡು ದಿನ ಮೊದಲು ಪಾಕಿಸ್ತಾನದ ಕರಾಚಿ ಬಂದರೇ ನಾಶ ಆಯ್ತು ಅಂತ ಚಾನೆಲ್‌ನವರು ಕೂಗಿದ್ರಲ್ಲ, ಸುಳ್ಳು. ನಾನು ಮುಂಬೈಯಲ್ಲಿ ನ್ಯೂಸ್ ಡೆಸ್ಕಲ್ಲಿ ಕೂತು ತಲೆ ಹಣ್ಣಾದವ, 26/11ರ ದಾಳಿ ಹೊತ್ತಲ್ಲಿ ನಮ್ಮವರೇ ಕಮಾಂಡೋ ಹೆಲಿಕಾಪ್ಟರಿಂದ ಇಳಿಯೋದನ್ನು ಲೈವ್ ತೋರಿಸಿದ್ದು ನೋಡಿದ್ದೇನೆ, 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಸರಿಯಾಗಿ ಉಗಿಯಿತು. ಗಾಯಾಳು ಯಾಕೆ ಕಾಣಲ್ಲ ಅಂದ್ರೆ, ಸತ್ತವರ ಸುದ್ದಿಗೆ ಪೆಟ್ಟಿಗೆ, ಬಾವುಟ, ಕುಶಾಲು ತೋಪು ಉಂಟು, ಒಂದು ದಿನದಲ್ಲಿ ಮುಗೀತದೆ. ಇವರದ್ದು ಡ್ರೆಸಿಂಗ್, ಊತ ಇಳಿಯೋದು, ಸಾಕೆಟ್ (ಕೃತಕ ಕಾಲನ್ನು ಕೂರಿಸೋ ಕಪ್ಪು) ಅಳತೆ, ಮತ್ತೆ ಅಳತೆ, ತಿಂಗಳುಗಟ್ಟಲೆ. ಕ್ಯಾಮೆರಾ ಎಲ್ಲಿ ಕಾಯ್ತದೆ! ನಮ್ಮ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡು ತಿಂದು 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದವರು, ಪದ್ಮಶ್ರೀ ಸಿಕ್ಕಿದ್ದು 2018ಕ್ಕೆ.
ಅಕ್ಕ, ಆ ಹುತಾತ್ಮ ಅಂದ ಚಾನೆಲ್‌ಗೆ ತಾರೀಕು, ಟೈಮ್ ಹಾಕಿ ಬರೆದು ಕಳಿಸಿ, ತಿದ್ದಿ ಹಾಕಿ ಅಂತ. ನಮ್ಮ ಹಳೇ ಎಡಿಟರ್ ಒಬ್ರು ಮನೆಯವರಿಗೆ ಗೊತ್ತಾಗೋ ತನಕ ಯಾರ ಹೆಸರನ್ನೂ ಬಿಡ್ತಿರಲಿಲ್ಲ, ಬೇರೆಯವರು ಮೊದಲು ಹಾಕಿದ್ರೂ ಸರಿ ಅಂತಿದ್ರು.

ಪಿಂಪ್ರಿ_ಅಕ್ಕ:
ಮೊಬೈಲ್ ಕಸ್ಕೊಂಡಿಲ್ರಿ. ಭಟ್ಟರ ಮಾತು ಓದಿ ಹೇಳ್ದೆ, ಸಾಕೆಟ್ ಸುದ್ದಿ ಬಂದಾಗ ನಕ್ಕ, "ಮೂರನೇ ಸಲ ಅಳತಿ ತಗೊಂಡಾರ, ಬರ್ಕೋ ಅನ್ನು" ಅಂದ. ಆಮ್ಯಾಲ ಹವಾಲ್ದಾರ್ ಕಾಕಾರು ದ್ರಾಸ್‌ನ್ಯಾಗ ಯಾವ ಯುನಿಟ್ ಅಂತ ಕೇಳಾಕ ಹಚ್ಯಾನ. ಯಾವ್ದ್ರಿ ಕಾಕಾ? ರವಿವಾರ ಬಂದ್ರ ಎರಡ್ ರೊಟ್ಟಿ ಜಾಸ್ತಿ ಕಟ್ಟತೀನಿ.